ಸ್ಟೂಲು ಕಾಣಲಿಲ್ಲ

ಜನಕ್ಕೊಂದು ಚಾಳಿಯಿದೆ ನೋಡಿ. ಇದ್ದರೆ ಪೂರ್ತಿ ಇರಬೇಕು, ಇಲ್ಲದಿದ್ದರೆ ಸುತರಾಂ ಇರಬಾರದು. ಅರೆಬರೆ ಎಂದರೆ ಅವರಿಗೆ ನಂಬಿಕೆಯೇ ಹುಟ್ಟುವುದಿಲ್ಲ. ಹೊಲಿಗೆ ಅಂಗಡಿಯ ಕತ್ತರಿಯಮ್ಮ ಸಿಕ್ಕಿಹಾಕಿಕೊಂಡದ್ದು ಇಂಥವರ ನಡುವೆ.

ಬಟ್ಟೆ ಕತ್ತರಿಸುವುದು ಅವಳ ಕೆಲಸವಾದ್ದರಿಂದ ಆ ಹೆಸರು. ಅವಳ ಕಣ್ಣಿಗೆ ಆಗಿದ್ದಿಷ್ಟು: ನಡುವಿನ ನೋಟ ಚೊಕ್ಕವಾಗಿತ್ತು, ಸುತ್ತಲಿನದು ವರ್ಷದಿಂದ ವರ್ಷಕ್ಕೆ ಕರಗುತ್ತ ಬಂದಿತ್ತು. ಬೀಗದ ತೂತಿನಿಂದ ಕೋಣೆಯೊಳಗೆ ಇಣುಕಿದ ಹಾಗೆ. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವಳು, ಕಾಲಬುಡದ ಬಕೆಟ್ಟನ್ನು ಎಡವಿ ಬೀಳುವಳು. ನೆಲಕ್ಕೆ ಬಿದ್ದ ಗುಂಡುಸೂಜಿ ಕಾಣುತ್ತೆ, ಬಕೆಟ್ಟು ಮಾತ್ರ ಕಾಣಲ್ಲ ಎಂದು ಅತ್ತೆ ಗೋಡೆಗೆ ಹೇಳುವಂತೆ ಹೇಳುತ್ತಿದ್ದರು. ಅತ್ತೆ ಹೇಳಿದ್ದು ನಿಜವೇ ಆಗಿತ್ತು.

ಅಂಗಡಿಯಲ್ಲೂ ಅಷ್ಟೇ. ಪಕ್ಕದಿಂದ ನಕ್ಕರೆ ನಗುವುದಿಲ್ಲ, ಚಾಚಿದ ಟೀ ಲೋಟ ತೆಗೆದುಕೊಳ್ಳುವುದಿಲ್ಲ, ಇವಳಿಗೆ ಕೊಬ್ಬು ಎಂದುಕೊಂಡಿದ್ದರು. ಕಣ್ಣಿನ ಡಾಕ್ಟರು ಹೇಳಿದರೆಂದು ಒಂದು ದಿನ ಕುರುಡರು ಹಿಡಿಯುವ ಬಿಳಿ ಕೋಲು ಹಿಡಿದು ಬಂದಳು ನೋಡಿ, ಅಷ್ಟೂ ಜನ ಬೆಣ್ಣೆಯಂತೆ ಕರಗಿಹೋದರು. ಇಸ್ತ್ರಿ ಹಾಕುವ ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅಂದಿನಿಂದ ಎಲ್ಲಿಗೆ ಎದ್ದರೂ ಅವಳೇ ಓಡಿಬಂದು ಕೈ ಹಿಡಿಯುವಳು. ಯಜಮಾನಿ ಸ್ಟೂಲುಗಳನ್ನೆಲ್ಲ ಗೋಡೆಗೆ ಸರಿಸಿ ದಾರಿ ಮಾಡಿಸಿದಳು. ಅದೇ ಕೈಯಲ್ಲಿ ಕತ್ತರಿಯನ್ನೂ ತೆಗೆದಿಟ್ಟಳು. ಮೂಲೆಯಲ್ಲಿ ಕೂತು ಗುಂಡಿ ಹೊಲಿ, ಅದನ್ನು ತಡವಿಕೊಂಡೇ ಮಾಡಬಹುದು ಎಂದಳು. ನನಗೆ ಕಾಣುತ್ತೆ ಎಂದು ಇವಳು ಎಷ್ಟು ಸಲ ಹೇಳಿದರೂ, ಧೈರ್ಯ ಕಳಕೋಬೇಡಮ್ಮ ಎಂದು ಬೆನ್ನು ಸವರಿದರು. ಪಾಪ, ಒಳ್ಳೆಯ ಜನ. ಒಳ್ಳೆಯವರ ಹತ್ತಿರ ಜಗಳವಾಡುವುದಾದರೂ ಹೇಗೆ?

ಕತ್ತರಿಸುವ ಮೇಜೆಂದರೆ ಅವಳ ಜೀವ. ಬಟ್ಟೆ ಹರಡಿ, ಸೀಮೆಸುಣ್ಣದ ಗೆರೆ ಎಳೆದು, ಅದರ ಮೇಲೆ ಕತ್ತರಿ ಓಡಿಸುವಾಗ ಅವಳಿಗೆ ಬೇಕಿದ್ದ ಜಗತ್ತು ಆ ಕಿಂಡಿಯಷ್ಟೇ. ಅಲ್ಲಿ ಅವಳಿಗೆ ಯಾವ ಊನವೂ ಇರಲಿಲ್ಲ. ಹೇಗಾದರೂ ಆ ಮೇಜಿಗೆ ಮರಳಬೇಕು, ಅದೊಂದೇ ಆಸೆ. ಹಾಗೆಂದು ಇಸ್ತ್ರಿ ಅಕ್ಕನ ಬೆಚ್ಚಗಿನ ಕೈ ಬೇಡವಾಗಿತ್ತೇ? ಇಲ್ಲ. ಅದು ಹಿತವಾಗಿಯೇ ಇತ್ತು, ಹಿತವಾದದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಧ್ಯಾಹ್ನ ಯಜಮಾನಿಯೇ ಮಖಮಲ್ಲಿನ ಕೋಟು ಕತ್ತರಿಸಲು ನಿಂತಳು. ಮಖಮಲ್ಲಿನ ನವಿರು ಒಂದೇ ದಿಕ್ಕಿಗೆ ಮಲಗಿರುತ್ತದೆ. ತಿರುಗಿಸಿ ಇಟ್ಟರೆ ಒಂದೇ ಬಟ್ಟೆ ಎರಡು ಬಣ್ಣವಾಗಿ ಕಾಣುತ್ತದೆ. ಯಜಮಾನಿ ಎದೆಯ ಒಂದು ತುಂಡು ಕತ್ತರಿಸಿ, ಇನ್ನೊಂದಕ್ಕೆ ಬಟ್ಟೆಯನ್ನು ತಲೆಕೆಳಗಾಗಿ ಹರಡಿದ್ದಳು. ಮೂಲೆಯಲ್ಲಿದ್ದ ಕತ್ತರಿಯಮ್ಮ ತಡೆಯಲಾರದೆ ಬಾಯಿಬಿಟ್ಟಳು.

"ನಿಲ್ಸಿ ಅಮ್ಮ. ಬಟ್ಟೆ ತಿರುಗುಮುರುಗಾಗಿದೆ. ಒಂದು ಕಡೆ ಕಪ್ಪಗೆ ಕಾಣ್ತಿದೆ ನೋಡಿ."

ಯಜಮಾನಿ ಬಟ್ಟೆ ನೋಡಿದಳು, ಇವಳನ್ನು ನೋಡಿದಳು. ಬಂದು ಸೂಜಿದಾರ ಕೈಗಿಟ್ಟಳು. ಇವಳು ಪೋಣಿಸಿ ಕೊಟ್ಟಳು.

"ಹಾಗಾದ್ರೆ ಈ ಕೋಲು ಯಾಕೆ? ಕಾಣುತ್ತೋ ಇಲ್ವೋ, ಒಂದು ಹೇಳು."

"ಎರಡೂ ಅಮ್ಮ."

ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ ಎಂದಳು ಯಜಮಾನಿ. ಕತ್ತರಿಯಮ್ಮ ಬೀಗದ ತೂತಿನ ಕಥೆ ಮೊದಲಿಂದ ಶುರು ಮಾಡಿದಳು. ಆದರೆ ಎಲ್ಲರ ಮುಖವನ್ನೂ ಒಟ್ಟಿಗೆ ನೋಡಲು ಅವಳಿಂದ ಆಗದು. ಒಂದೊಂದೇ ಮುಖ ಹುಡುಕುತ್ತ ಹೇಳುವಷ್ಟರಲ್ಲಿ ಮಾತು ತೊದಲಿತು. ತೊದಲಿದ ಮಾತು ಯಾರಿಗೂ ನಿಜದಂತೆ ಕೇಳಿಸಲಿಲ್ಲ. ಆದರೂ ಯಜಮಾನಿ ಕತ್ತರಿ ವಾಪಸು ಕೊಟ್ಟಳು, ಕೆಲಸ ಆಗಬೇಕಲ್ಲ. ಇಸ್ತ್ರಿ ಅಕ್ಕ ಮಾತ್ರ ಹತ್ತಿರ ಬಂದು, "ನನ್ನ ಮಂಗ ಮಾಡಿಬಿಟ್ಯಲ್ಲೇ" ಎಂದು ಮೆಲ್ಲಗೆ ಹೇಳಿ ಹೋದಳು.

ಮೇಜು ಸಿಕ್ಕಿತು. ಕುಣಿಯಬೇಕಿತ್ತು, ಆದರೆ ಕತ್ತರಿ ಹಿಡಿದ ಕೈಯೇ ತನ್ನದಲ್ಲ ಎನಿಸಿತು. ಕೋಲು ಹಿಡಿದಾಗಲೂ ಅವಳು ಸುಳ್ಳು ಹೇಳಿರಲಿಲ್ಲ, ದಾರ ಪೋಣಿಸಿದಾಗಲೂ ಹೇಳಿರಲಿಲ್ಲ. ಹಾಗಿದ್ದರೆ ಈ ಮೋಸ ಎಲ್ಲಿಂದ ಬಂತು? ಎಷ್ಟು ಯೋಚಿಸಿದರೂ ತಲೆಬುಡ ಹತ್ತಲಿಲ್ಲ. ಕೋಲು ಬಾಗಿಲ ಹಿಂದೆ ಸೇರಿತು. ಗೋಡೆಗೆ ಸರಿದಿದ್ದ ಸ್ಟೂಲುಗಳು ಒಂದೊಂದಾಗಿ ಅಂಗಡಿಯ ನಡುವಿಗೆ ಬಂದವು. ಯಾರಿಗೂ ಹಗೆಯಿರಲಿಲ್ಲ. ಕಣ್ಣು ಕಾಣುವವಳಿಗೆ ದಾರಿ ಬಿಡುವುದು ಯಾಕೆ?

ಕತ್ತರಿಸಿದ ಬಟ್ಟೆಯನ್ನು ಮೆಷಿನ್ನಿನವಳಿಗೆ ಕೊಡಲು ಹೋಗುವಾಗ ಬಿದ್ದಳು. ಮೊಣಕಾಲು ಸ್ಟೂಲಿಗೆ ಬಡಿದು, ಬಟ್ಟೆಯ ಸಮೇತ ದೊಪ್ಪೆಂದು. ಮೆಷಿನ್ನುಗಳು ನಿಂತವು. ಯಾರೂ ಏಳಲಿಲ್ಲ. ಇಸ್ತ್ರಿ ಅಕ್ಕ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು.

"ಸಾಕು, ಏಳು" ಎಂದಳು.

ಕತ್ತರಿಯಮ್ಮ ಬಿದ್ದಲ್ಲಿಂದಲೇ ತಿರುಗಿ ಸ್ಟೂಲನ್ನು ನೋಡಿದಳು. ಈಗ ಎಲ್ಲ ಚೆನ್ನಾಗಿ ಕಾಣುತ್ತಿತ್ತು, ಅದರ ಕಾಲಿಗೆ ಹೊಡೆದ ಮೊಳೆ, ಮೊಳೆಯ ಸುತ್ತಲಿನ ತುಕ್ಕು, ಎಲ್ಲ. ಇಷ್ಟು ಚೆನ್ನಾಗಿ ಕಾಣುವುದು ಆಗ ಕಾಣಲಿಲ್ಲವೇ? ಕಂಡಿತ್ತೇ? ಅಕ್ಕನ ಆ ಕೈ ಮತ್ತೆ ಬರಲಿ ಎಂದು ನಾನೇ ಬಿದ್ದುಬಿಟ್ಟೆನೇ? ನೆನಪಿಸಿಕೊಳ್ಳಲು ನೋಡಿದಳು, ಗೊತ್ತಾಗಲಿಲ್ಲ. ಅವಳಿಗೆ ಹೆದರಿಕೆಯಾಯಿತು.

"ನಿಜವಾಗ್ಲೂ ಕಾಣಲಿಲ್ಲ ಅಕ್ಕ" ಎಂದಳು.

ಆ ಮಾತು ಅವಳ ಕಿವಿಗೇ ಸುಳ್ಳೆಂದು ಕೇಳಿಸಿತು.