ಸಹನಾಳ ಹೊಟ್ಟೆಯಲ್ಲಿ ಇದ್ದದ್ದು

ಬುಧವಾರ ಬೆಳಿಗ್ಗೆ ಎಂಟೂವರೆಗೆ, ದಾವಣಗೆರೆಯ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಇರಮ್ ಸಿಸ್ಟರ್ ಕೈಯಲ್ಲಿ ಕಾಗದ ಹಿಡಿದು ಬಂದು ಕೇಳಿದರು: "ರಾತ್ರಿಯಿಂದ ಮಗೂಗೆ ಏನೂ ಕೊಟ್ಟಿಲ್ಲ ಅಲ್ರೀ? ನೀರು, ಹಾಲು, ಬಿಸ್ಕತ್ತು, ಏನೂ?"

"ಏನೂ ಇಲ್ಲ ಸಿಸ್ಟರ್" ಎಂದ ಇನ್ನಾಸಿ, ಪ್ರಶ್ನೆ ಮುಗಿಯುವುದಕ್ಕೂ ಮೊದಲೇ.

ಅವನ ಹೆಂಡತಿ ಕರುಣಾ ತುಟಿ ಬಿಚ್ಚಲಿಲ್ಲ. ಗಂಡ ಹೇಳಿಯಾಯ್ತಲ್ಲ, ತಾನೇನು ಹೇಳುವುದು ಎಂದು ಮಗಳ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತ ನಿಂತಳು. ಎರಡೂವರೆ ಗಂಟೆಯ ಹಿಂದೆ, ಇನ್ನಾಸಿ ಚಹಾ ಕುಡಿಯಲು ಕೆಳಗೆ ಹೋಗಿದ್ದಾಗ, ಅವಳು ಮಗಳ ಬಾಯಿಗೆ ಒಂದು ಚಮಚ ಪ್ರಾರ್ಥನೆಯ ಎಣ್ಣೆ ಹಾಕಿದ್ದಳು.

ಪ್ರಾರ್ಥಿಸಿ ಎಣ್ಣೆ ಕೊಟ್ಟವರು, ಕರುಣಾ ಹೋಗುವ ಶಾಮನೂರಿನ ಸಭೆಯ ಪಾಸ್ಟರಮ್ಮ. ಪಾಪ, ಅವರು ಹೇಳಿದ್ದು ಹಣೆಗೆ ಹಚ್ಚು ಅಂತ ಅಷ್ಟೆ. ಆದರೆ ಗಡ್ಡೆ ಇರುವುದು ಹಣೆಯಲ್ಲಲ್ಲವಲ್ಲ! ಆರು ವರ್ಷದ ಸಹನಾಳ ಎಡ ಮೂತ್ರಪಿಂಡದ ಮೇಲೆ ಮೋಸಂಬಿ ಗಾತ್ರಕ್ಕೆ ಬೆಳೆದು ಕೂತಿತ್ತು. ಒಳಗಿನ ರೋಗಕ್ಕೆ ಹೊರಗೆ ಹಚ್ಚಿದರೆ ಏನು ಬಂತು ಎಂದು ಕರುಣಾ ತಾನೇ ತೀರ್ಮಾನ ಮಾಡಿಬಿಟ್ಟಿದ್ದಳು. ಡಾಕ್ಟರು ಬೇಡ ಅಂದದ್ದು ಊಟ ತಿಂಡಿ. ಇದು ಊಟವೇ? "ಅಪ್ಪಂಗೆ ಹೇಳಬ್ಯಾಡವ್ವ" ಎಂದು ಮಗಳ ಬಾಯಿ ಒರೆಸಿದ್ದಳು. ಮಗು ಮುಖ ಕಿವುಚಿ, ಆಯ್ತು ಎಂದು ತಲೆಯಾಡಿಸಿತ್ತು.

ಅಪ್ಪನಿಗೆ ಯಾಕೆ ಹೇಳಬಾರದು ಅಂದರೆ, ಅದೊಂದು ದೊಡ್ಡ ಕಥೆ. ಇನ್ನಾಸಿ ಹರಿಹರದವನು, ಲೇತ್ ಮಷೀನಿನ ಕೆಲಸ, ಹುಟ್ಟಾ ಕಥೋಲಿಕ. ಅವನಿಗೆ ಜಪಸರ ಬೇಕು, ಮಾತೆ ಮರಿಯಮ್ಮ ಬೇಕು. ಕರುಣಾಗೆ ಸಭೆ ಬೇಕು, ಕೈಯೆತ್ತಿ ಗಟ್ಟಿಯಾಗಿ ಪ್ರಾರ್ಥಿಸಬೇಕು. ನಂಬುವ ಯೇಸು ಒಬ್ಬನೇ ಆದರೂ ಮನೆಯಲ್ಲಿ ಜಗಳ ಎಂಟು ವರ್ಷದ್ದು. ಅವನು ಒಂದು ದಿನವೂ ಸಭೆಯ ಮೆಟ್ಟಿಲು ಹತ್ತಿದವನಲ್ಲ. ಮಗಳ ಹೊಟ್ಟೆ ಊದಿಕೊಂಡ ಮೇಲಂತೂ ಇಬ್ಬರ ಪ್ರಾರ್ಥನೆಯೂ ಪೈಪೋಟಿಯೇ ಆಗಿಬಿಟ್ಟಿತ್ತು.

ಗಾಲಿಮಂಚ ಆಪರೇಷನ್ ಕೋಣೆಯ ಕಡೆ ಉರುಳಿತು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ. ಹಿಂದಿನ ದಿನ ಅರಿವಳಿಕೆ ಡಾಕ್ಟರ್ ನಯನಾ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದ ಮಾತು ಕರುಣಾಳ ಕಿವಿಯಲ್ಲಿ ಈಗ ಶುರುವಾಯಿತು. "ಮಗು ನಿದ್ದೆಯೊಳಗಿದ್ದಾಗ ಹೊಟ್ಟೆಯಲ್ಲಿ ಇರೋದು ಮೇಲೆ ಬಂದು ಉಸಿರಿನ ದಾರಿಗೆ ಹೋದ್ರೆ, ನಮ್ಮ ಕೈಲಿ ಏನೂ ಇರಲ್ಲ ನೋಡ್ರಿ."

ಒಂದೇ ಚಮಚ, ಸ್ವಾಮಿ. ಒಂದು ಚಮಚಕ್ಕೆ ಏನಾಗುತ್ತದೆ?

ಹೇಳಿದರೆ? ಸರ್ಜನ್ ಹುಬ್ಬಳ್ಳಿಯಿಂದ ಬರುವುದೇ ಬುಧವಾರಕ್ಕೊಮ್ಮೆ. ಇವತ್ತು ತಪ್ಪಿದರೆ ಮುಂದಿನ ಬುಧವಾರ. ಗಡ್ಡೆ ಅಲ್ಲೀತನಕ ಸುಮ್ಮನಿರುತ್ತದೆಯೇ? ಅತ್ತೆ ಏನೆನ್ನಬಹುದು, ಇನ್ನಾಸಿ ಏನೆನ್ನಬಹುದು! ನಿನ್ನ ಸಭೆಯ ಎಣ್ಣೆಯೇ ನನ್ನ ಮಗಳನ್ನು ತಿಂತು ಅನ್ನುವುದಿಲ್ಲವೇ? ಹೇಳದಿದ್ದರೆ? ಹೇಳದೆ ಒಳಗೆ ಏನಾದರೂ ಆಗಿಬಿಟ್ಟರೆ? ಕರ್ತನೇ, ನೀನೇ ಕಾಪಾಡು, ನೀನೇ ಕಾಪಾಡು ಎಂದು ಅವಳು ಒಳಗೊಳಗೇ ಅಂದುಕೊಂಡಳು. ಕಾಪಾಡಲು ಕರ್ತನಿಗೆ ಬೇಕಾದದ್ದು ತನ್ನ ಬಾಯಿಂದ ಎರಡು ಮಾತು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಇಪ್ಪತ್ತು ಹೆಜ್ಜೆ ಸುಮ್ಮನೆ ನಡೆದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರ್ ನಯನಾ ಹಸಿರು ಟೋಪಿ ಹಾಕಿಕೊಂಡು ನಿಂತಿದ್ದರು. ಸಹನಾ ಅಮ್ಮನ ಕಿರುಬೆರಳು ಹಿಡಿದವಳು ಬಿಡಲಿಲ್ಲ. ಸಿಸ್ಟರ್ ಮೆಲ್ಲಗೆ ಬಿಡಿಸಿದರು.

"ಮೇಡಂ, ನಿಲ್ರಿ!"

ಕೂಗಿದ್ದು ತಾನೇ ಎಂದು ಕರುಣಾಗೆ ಆಮೇಲೆ ತಿಳಿಯಿತು. ಎಲ್ಲರೂ ತಿರುಗಿದರು.

"ಬೆಳಿಗ್ಗೆ ಆರಕ್ಕೆ ಎಣ್ಣೆ ಕುಡಿಸೀನಿ ಮೇಡಂ. ಪ್ರಾರ್ಥನೆ ಎಣ್ಣೆ. ಒಂದು ಚಮಚ."

ಇನ್ನಾಸಿಯ ಮುಖ ಬಿಳಿಚಿತು. ಬೈಯುತ್ತಾನೆ ಎಂದು ಅವಳು ಕಾದಳು. ಅವನು ಬೈಯಲಿಲ್ಲ.

ಡಾಕ್ಟರ್ ಕಣ್ಣು ಮುಚ್ಚಿ ತೆರೆದರು. "ನಿನ್ನೆ ಅಷ್ಟು ಹೇಳಿದ್ನಲ್ಲಮ್ಮ! ಚಮಚ ಅಂದ್ರೆ ಎಷ್ಟು?"

"ಔಷಧದ ಚಮಚ ಮೇಡಂ. ಅರ್ಧ ಉಗುಳಿಬಿಟ್ಲು."

"ಬೇರೆ ಏನೂ ಇಲ್ಲ ತಾನೆ?"

"ಇಲ್ಲ ಮೇಡಂ. ಒಂದು ತೊಟ್ಟು ನೀರು ಸೈತ ಇಲ್ಲ" ಎಂದಳು ಕರುಣಾ, ಖಂಡಿತವಾಗಿ.

ಡಾಕ್ಟರ್ ಗಡಿಯಾರ ನೋಡಿದರು, ಒಳಗೆ ಸರ್ಜನ್ ಜೊತೆ ಮಾತಾಡಿ ಬಂದರು. "ಇಷ್ಟೇ ಆದ್ರೆ ನೋಡ್ಕೊಳ್ಳಬಹುದು. ನಡೀರಿ" ಎಂದರು. ಕರುಣಾಳ ಜೀವ ಬಂದಂತಾಯಿತು. ಸಿಸ್ಟರ್ ಮಂಚ ತಳ್ಳಿದರು.

ಮಂಚ ಕದಲಲಿಲ್ಲ. ಇನ್ನಾಸಿ ಅದರ ಸರಳು ಹಿಡಿದು ನಿಂತಿದ್ದ.

"ಬಿಡ್ರಿ" ಎಂದರು ಸಿಸ್ಟರ್.

"ಬನ್ನು" ಎಂದ ಅವನು. "ಅರ್ಧ ಬನ್ನು ತಿನಿಸೀನಿ. ಹಾಲಾಗೆ ಅದ್ದಿ. ಏಳು ಗಂಟೆಗೆ, ಇಕಿ ಜಳಕಕ್ಕೆ ಹೋಗಿದ್ಲು. ಮಂಗಳವಾರ ಸಂತ ಅಂತೋಣಿಯವರ ಹೆಸರಲ್ಲಿ ಮಂತ್ರಿಸಿದ್ದು ಮೇಡಂ, ನಮ್ಮವ್ವ ಹರಿಹರದಿಂದ ಕೊಟ್ಟು ಕಳಿಸಿದ್ಲು. ಪ್ರಸಾದ ಅದು, ತಿಂಡಿ ಅಲ್ಲ ಅನ್ಕೊಂಡೆ."

"ಅಪ್ಪಾ!" ಎಂದಳು ಸಹನಾ ಮಲಗಿದಲ್ಲಿಂದಲೇ, ಸಿಟ್ಟಿನಿಂದ. "ಅಮ್ಮಂಗೆ ಹೇಳಬ್ಯಾಡ ಅಂದು ನೀನೇ ಹೇಳಿಬಿಟ್ಯಲ್ಲ!"

ಯಾರೂ ನಗಲಿಲ್ಲ. ಡಾಕ್ಟರ್ ನಯನಾ ಗೋಡೆಗೆ ಒರಗಿಕೊಂಡರು. "ಅಯ್ಯೋ ಪುಣ್ಯಾತ್ಮಾ" ಎಂದರು ಮೆಲ್ಲಗೆ. "ಎಣ್ಣೆ ಬಿಡ್ರಿ, ಅದು ಎಷ್ಟರದ್ದು. ಹಾಲು, ಬನ್ನು ತಿಂದು ಎರಡು ತಾಸು ಆಗಿಲ್ಲ. ಈಗ ಒಳಗೆ ತಗೊಂಡಿದ್ರೆ ನಾನು ಮಗೂನ ನಿಮ್ಮ ಕೈಗೆ ವಾಪಸ್ ಕೊಡ್ತಿದ್ನೋ ಇಲ್ಲೋ."

ಸಹನಾಳನ್ನು ವಾರ್ಡಿಗೆ ವಾಪಸ್ ಕರೆತಂದರು. ಸರ್ಜನ್ ರೇಗಾಡಿದರಂತೆ. ಕೊನೆಗೆ ಅವತ್ತಿನ ಎಲ್ಲ ಆಪರೇಷನ್ ಮುಗಿದ ಮೇಲೆ ಮೂರು ಗಂಟೆಗೆ ಮಾಡುತ್ತೇನೆ, ಅಷ್ಟರೊಳಗೆ ಮಗುವಿನ ಬಾಯಿಗೆ ಒಂದು ಹನಿ ಬಿದ್ದರೂ ನಾನು ಹುಬ್ಬಳ್ಳಿಗೆ ಹೊರಟೆ ಎಂದು ಹೇಳಿ ಕಳಿಸಿದರು. ಇರಮ್ ಸಿಸ್ಟರ್ ಮಂಚದ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಹೆತ್ತವರನ್ನು ಕಾಯಲು ಕೂತದ್ದು ಅದು, ಮಗುವನ್ನಲ್ಲ.

ಕರುಣಾಗೆ ಗಂಡನ ಕೆನ್ನೆಗೆ ಬಾರಿಸಬೇಕು ಎನಿಸಿತು. ವರಾಂಡದಲ್ಲಿ ಅವನ ತೋಳು ಹಿಡಿದು ಎಳೆದಳು. "ಸಿಸ್ಟರ್ ಕೇಳಿದಾಗ ಏನೂ ಇಲ್ಲ ಅಂತ ಹೆಂಗೆ ಅಂದ್ರಿ? ನಾಲಿಗೆ ಹೆಂಗೆ ಬಂತು ನಿಮಗೆ?"

"ನೀನು ಹೇಳದಿದ್ರೆ ನಾನೂ ಹೇಳ್ತಿರ್ಲಿಲ್ಲ ಕಣೆ" ಎಂದ ಇನ್ನಾಸಿ. ಅಷ್ಟು ದೊಡ್ಡ ಆಳು ನೆಲಕ್ಕೆ ಕುಸಿದು ಮುಖ ಮುಚ್ಚಿಕೊಂಡು ಅತ್ತ.

ಅವಳ ಸಿಟ್ಟು ಅಲ್ಲೇ ಇಳಿಯಿತು. ಬಾಗಿಲ ಹತ್ತಿರ ತಾನು ಇನ್ನೊಂದು ಗಳಿಗೆ ಬಾಯಿ ಮುಚ್ಚಿಕೊಂಡಿದ್ದರೆ ಎಂದು ನೆನೆದಳು. ಅವನ ಪಕ್ಕದಲ್ಲೇ ಕೂತಳು. ಅವನ ಕೈಯಲ್ಲಿ ಜಪಸರ, ಅವಳ ತುಟಿಯ ಮೇಲೆ ಸ್ತೋತ್ರ. ಮೂರು ಗಂಟೆಯವರೆಗೂ ಇಬ್ಬರೂ ಹನಿ ನೀರು ಕುಡಿಯಲಿಲ್ಲ. ಗುಣವಾಗಲಿ ಎಂದು ಕೇಳಲು ಕರುಣಾಗೆ ಮುಖವಿರಲಿಲ್ಲ. ಕ್ಷಮಿಸು ಎಂದಷ್ಟೇ ಕೇಳಿದಳು.

ಆರೂವರೆಗೆ ಸರ್ಜನ್ ಹೊರಗೆ ಬಂದರು. ಗಡ್ಡೆ ಒಡೆಯದೆ ಇಡಿಯಾಗಿ ಬಂದಿದೆ, ಮುಂದೆ ಔಷಧದ ದೊಡ್ಡ ಕೋರ್ಸು ಇದೆ, ಮಗು ಉಸಿರಾಡುತ್ತಿದೆ ಎಂದರು. ಇನ್ನಾಸಿ ಅವರ ಕಾಲಿಗೇ ಬಿದ್ದ.

ಏಳಕ್ಕೆ, ಸುದ್ದಿ ತಿಳಿದ ಪಾಸ್ಟರಮ್ಮನ ಫೋನು ಬಂತು. "ಸ್ತೋತ್ರ ಕರುಣಾ! ಕರ್ತ ಕಾಪಾಡ್ತಾನಂತ ನಾ ಹೇಳ್ಲಿಲ್ಲೇನು? ಭಾನುವಾರ ಬಂದು ಸಾಕ್ಷಿ ಹೇಳ್ಬೇಕು ನೋಡು, ಸಭೆ ಎಲ್ಲಾ ಕಾಯ್ತೈತೆ."

ಸಭೆಯಲ್ಲಿ ಸಾಕ್ಷಿ ಅಂದರೆ ಎದ್ದು ನಿಂತು, ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು. ತಾನು ಮಾಡಿದ್ದನ್ನು ಅಲ್ಲಿ ಯಾರೂ ಹೇಳಿದ್ದಿಲ್ಲ.

"ಬರ್ತೀನಿ ಅಕ್ಕಾ" ಎಂದಳು ಕರುಣಾ. "ನೀವು ಹಣೆಗೆ ಹಚ್ಚು ಅಂದ ಎಣ್ಣೆ ನಾನು ಬಾಯಿಗೆ ಹಾಕ್ದೆ. ಹಾಕಿ ಸುಮ್ಮನಿದ್ದೆ. ಅದನ್ನೂ ಹೇಳ್ತೀನಿ."

ಇನ್ನಾಸಿ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಪಾಸ್ಟರಮ್ಮಾರೇ, ನಾನು ಸಹನಾಳ ಅಪ್ಪ" ಎಂದ. "ಭಾನುವಾರ ನಾನೂ ಬರ್ತೀನ್ರಿ. ನಂದೂ ಹೇಳೋದೈತೆ."