ಮೂರು ಕೂಗು

ನ್ಯಾಯಾಲಯದಲ್ಲಿ ಹೆಸರು ಕೂಗುವುದು ನನ್ನ ಕೆಲಸ. ಬಾಗಿಲಲ್ಲಿ ನಿಂತು ಮೂರು ಸಲ ಕೂಗುತ್ತೇನೆ. ಮೂರನೆಯದಕ್ಕೂ ಓಗೊಡದಿದ್ದರೆ ಆಸಾಮಿ ಗೈರುಹಾಜರು. ಬಸ್ಸು ಕೆಟ್ಟಿತು, ಹೊಟ್ಟೆ ಕೆಟ್ಟಿತು ಎಂದು ಆಮೇಲೆ ಬಂದು ಗೋಗರೆದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆ ಭಯಕ್ಕೇ ನನ್ನ ವಯಸ್ಸಾದ ಚಿಕ್ಕಮ್ಮ, ಅಮ್ಮನ ತಂಗಿ, ವಿಚಾರಣೆಯ ದಿನ ಊಟ ಬಿಟ್ಟು ಬಾಗಿಲ ಪಕ್ಕದ ಬೆಂಚಿಗೆ ಅಂಟಿಕೊಂಡು ಕೂರುತ್ತಾಳೆ. ಗಂಡ ಸತ್ತ ಮೇಲೆ ಅವನ ಅಣ್ಣ ಅವಳನ್ನು ಮನೆಯಿಂದ ಹೊರಹಾಕಿದ್ದ. ಮನೆ ಯಾರದೆಂದು ವರ್ಷಗಟ್ಟಲೆ ನಡೆದ ಮೊಕದ್ದಮೆಯ ತೀರ್ಪು ಈ ಸೋಮವಾರ ಬರಬೇಕಿತ್ತು.

ಅಷ್ಟರಲ್ಲಿ ನ್ಯಾಯಾಲಯಕ್ಕೆ ಇಪ್ಪತ್ತು ವರ್ಷಗಳ ಮುನ್ನೋಟ ಯೋಜನೆ ವಕ್ಕರಿಸಿತು. ಅದರ ಅಧಿಕಾರಿಗೆ ನಾವಿಟ್ಟ ಹೆಸರು ದುರ್ಬೀನು. ಕಾಲಬುಡದಲ್ಲಿರುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಕಾಣುತ್ತದೆ. ಹಳೆಯ ಮೊಕದ್ದಮೆ ಒಂದೂ ಉಳಿಯಬಾರದೆಂಬುದು ಯೋಜನೆಯ ಮೊದಲ ಗುರಿ. ದುರ್ಬೀನು ಏನು ಮಾಡಿದರು? ಹಳೆಯ ಕಡತಗಳನ್ನೆಲ್ಲ ಮಹಡಿಯ ಹೊಸ ಕೋರ್ಟಿಗೆ ಸಾಗಿಸಿ ಹೊಸ ನಂಬರು ಕೊಡಿಸಿದರು. ಹೊಸ ನಂಬರು ಬಿತ್ತೆಂದರೆ ಮೊಕದ್ದಮೆ ಇವತ್ತು ಹುಟ್ಟಿದ ಹಾಗೆ. ಗುರಿ ಮುಟ್ಟಿತು. ಚಿಕ್ಕಮ್ಮನ ಭಾವನಿಗೆ ಮತ್ತೆ ಮೊದಲಿನಿಂದ ನೋಟಿಸು ಹೋಗಬೇಕು, ಅವಳು ಸರದಿಯ ಕೊನೆಗೆ ಹೋಗಿ ನಿಲ್ಲಬೇಕು.

"ಸಾರ್, ನನ್ನ ಚಿಕ್ಕಮ್ಮಂದು ತೀರ್ಪಿಗೆ ಇಟ್ಟಿದ್ದ ಕೇಸು," ಎಂದೆ.

"ಒಂದೆರಡು ಹಾಗಾಗ್ತವಮ್ಮ. ಮುಂದಿನದನ್ನ ಯೋಚನೆ ಮಾಡು."

"ಅವಳಿಗೆ ಮುಂದೆ ಅಂತ ಎಷ್ಟಿದೆ ಸಾರ್?"

ಅವರು ನಕ್ಕರು. ಅಂಗಾಲಿನಿಂದ ನೆತ್ತಿಯವರೆಗೆ ನನಗೆ ಉರಿದುಹೋಯಿತು.

ತೀರ್ಪು ಬರಬೇಕಿದ್ದ ಸೋಮವಾರವೇ ನಮ್ಮ ಕೋರ್ಟ್ ಹಾಲ್‌ನಲ್ಲಿ ಯೋಜನೆಯ ಸಭೆ. ಸಾಕ್ಷಿ ನಿಲ್ಲುವ ಕಟಕಟೆಯಲ್ಲಿ ಪ್ರೊಜೆಕ್ಟರ್ ಇಟ್ಟಿದ್ದರು. ನ್ಯಾಯಾಧೀಶರು ತಮ್ಮ ಪೀಠದಲ್ಲೇ ಕೂತಿದ್ದರು. ಚಿಕ್ಕಮ್ಮ ಎಂದಿನಂತೆ ಬೆಂಚಿನ ಮೇಲೆ.

"ಮನೆಗೆ ಹೋಗು ಚಿಕ್ಕಮ್ಮ. ಇವತ್ತು ಯಾರನ್ನೂ ಕೂಗಲ್ಲ. ಕೂಗೋಳು ನಾನೇ ಹೇಳ್ತಿದ್ದೀನಲ್ಲ."

"ಅಕಸ್ಮಾತ್ ಕೂಗಿಬಿಟ್ರೆ? ನಾನಿಲ್ದೇ ಹೋದ್ರೆ?"

ಒಳಗೆ ಪರದೆಯ ಮೇಲೆ ದಪ್ಪಕ್ಷರದಲ್ಲಿ ಬಂತು: ಹಳೆಯ ಮೊಕದ್ದಮೆಗಳು ಇಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬಾಗಿಲಲ್ಲಿ ನಿಂತು ಚಿಕ್ಕಮ್ಮನ ಹಳೆಯ ನಂಬರನ್ನೂ ಹೆಸರನ್ನೂ ಗಂಟಲು ಹರಿಯುವಂತೆ ಕೂಗಿದೆ.

"ಇದ್ದೀನಿ," ಎಂದು ಚಿಕ್ಕಮ್ಮ ದಡಬಡಿಸಿ ಎದ್ದಳು.

ನ್ಯಾಯಾಧೀಶರ ಕೈ ಅಭ್ಯಾಸಬಲದಿಂದ ಕಡತಕ್ಕಾಗಿ ಎಡಕ್ಕೆ ಚಾಚಿತು. ಅಲ್ಲಿದ್ದದ್ದು ಬಿಸ್ಕತ್ತಿನ ತಟ್ಟೆ.

"ಆ ನಂಬರೇ ಈಗ ಇಲ್ಲ ಸರ್," ಎಂದರು ದುರ್ಬೀನು.

ನ್ಯಾಯಾಧೀಶರು ಕೈ ಹಿಂದೆಗೆದುಕೊಂಡರು. ಚಿಕ್ಕಮ್ಮನ ಕಡೆ ಒಮ್ಮೆ ನೋಡಿ, "ಮುಂದುವರಿಸಿ," ಎಂದರು.

ಕೆಲಸ ಹೋದರೆ ಹೋಗಲಿ ಎನ್ನಿಸಿತು. ಒಳಗೆ ಮುಖಮಾಡಿ ನಿಂತು ಮತ್ತೆ ಬಾಯಿ ತೆರೆದೆ.

"ನ್ಯಾಯಾಲಯ!"

ದುರ್ಬೀನು ಪರದೆ ಬಿಟ್ಟು ನನ್ನತ್ತ ತಿರುಗಿದರು.

"ನ್ಯಾಯಾಲಯ!"

ಚಿಕ್ಕಮ್ಮ ನನ್ನ ತೋಳು ಜಗ್ಗಿದಳು. "ಯಾರನ್ನೇ ಕೂಗ್ತಿದ್ದೀಯ?"

"ನ್ಯಾಯಾಲಯ!"

ಅಷ್ಟು ಜನರಲ್ಲಿ ಒಬ್ಬರೂ ಓಗೊಡಲಿಲ್ಲ. ದಿನವೂ ಹೇಳುವ ದನಿಯಲ್ಲೇ ಹೇಳಿದೆ:

"ಗೈರುಹಾಜರು."