ನಾ ಹೇಳೂತನಕಾ ತಗೀಬ್ಯಾಡ

ಅರುಣಕುಮಾರನ ತಲೆ ಮತ್ತೆ ಬಲಕ್ಕೆ ವಾಲಿತು.

"ಹಿಡಿಯೋ, ಹಿಡಿ," ಎಂದ ಗವಿಸಿದ್ದಪ್ಪ. ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮನ ಮಗನ ಗದ್ದದ ಕೆಳಗಿನಿಂದ ಬಿಳಿ ಬಟ್ಟೆ ಜಾರಿಬಿಟ್ಟಿತ್ತು. ಮುದುಕ ಅದನ್ನು ಬಿಚ್ಚಿ ಮತ್ತೆ ಗೂಟಕ್ಕೆ ಕಟ್ಟುವವರೆಗೆ ಆಫ್ತಾಬ ಎರಡೂ ಅಂಗೈಗಳಲ್ಲಿ ತಲೆಯನ್ನು ನೆಟ್ಟಗೆ ಹಿಡಿದು ನಿಂತ. ಹಣೆಯ ವಿಭೂತಿ ಅವನ ಬೆರಳಿಗೆ ಹತ್ತಿತು. ಕಿವಿಗಳು ತಣ್ಣಗಿದ್ದವು. ಆ ಬಲಗಿವಿಗೆ ಕೊನೆಗೆ ಹಿಡಿದ ಫೋನಿನ ಆಚೆ ತುದಿಯಲ್ಲಿದ್ದವನು ತಾನು ಎಂಬುದು ಇಡೀ ಗಜೇಂದ್ರಗಡದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಅವನ ಜೇಬಿನಲ್ಲಿ ಫೋನು ನಡುಗಿತು. ನಿಂತು, ಮತ್ತೆ ನಡುಗಿತು.

"ಯಾರದೋ ಅದು, ಮುಂಜಾನಿಂದ?"

"ಮ್ಯಾನೇಜರ್ ಸಾಹೇಬ್ರದ್ರಿ. ನರಗುಂದದಾಗ ಲೈನ್ ಬಿದ್ದೈತಿ."

"ಇಲ್ಲಿ ಮನಿಷ್ಯಾನ ಬಿದ್ದಾನ. ಬಂದ್ ಮಾಡದನ್ನ."

ಗಜೇಂದ್ರಗಡ, ರೋಣ, ನರಗುಂದ ಈ ಮೂರು ಊರುಗಳಲ್ಲಿ ಒಂದು ಸಹಕಾರಿ ಬ್ಯಾಂಕಿನ ಶಾಖೆಗಳಿದ್ದವು. ಅವುಗಳ ನಡುವಿನ ಹಳೆಯ ತಾಮ್ರದ ತಂತಿಗಳನ್ನೂ, ತಂತಿಯ ತುದಿಯಲ್ಲಿರುವ ರೌಟರುಗಳನ್ನೂ ನೋಡಿಕೊಳ್ಳುವುದು ಅರುಣಕುಮಾರನ ಕೆಲಸ. ಆಫ್ತಾಬ ಅವನ ಜೊತೆಗಾರ; ಅವನನ್ನು ಅಣ್ಣ ಎಂದೂ ಅವನ ಹೆಂಡತಿಯನ್ನು ವೈನಿ ಎಂದೂ ಕರೆಯುತ್ತಿದ್ದ. ನಿನ್ನೆ ಇಳಿಹೊತ್ತಿನಲ್ಲಿ, ರೋಣ ಶಾಖೆಯ ಹಿಂದಿನ ಕೋಣೆಯಲ್ಲಿ, ರೌಟರಿನ ಮುಂದೆ ಕುಳಿತಲ್ಲೇ ಅರುಣಕುಮಾರನ ಎದೆ ನಿಂತಿತ್ತು. ನಲವತ್ತೆರಡು ವರ್ಷ. ಜ್ವರವೆಂದು ಒಂದು ದಿನವೂ ಹಾಸಿಗೆ ಹಿಡಿದವನಲ್ಲ. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕುಳಿತವನನ್ನು ನೋಡಿ, ಈಗ ಎದ್ದು ಮಾತಾಡಿಸುತ್ತಾನೇನೋ ಎಂಬಂತೆ ಅಲ್ಲೇ ನಿಲ್ಲುತ್ತಿದ್ದರು. ತಾಯಿ ಕಳಕವ್ವ ಒಬ್ಬಳೇ ಹಾಡಿ ಹಾಡಿ ಅಳುತ್ತಿದ್ದಳು. ಉಳಿದವರಿಗೆ ಅಳು ಇನ್ನೂ ಬಂದಿರಲಿಲ್ಲ.

ರೋಣ ಶಾಖೆಯ ಜವಾನ ಶರಣು ಕಂಬದ ಬುಡದಲ್ಲಿ ಕುಳಿತಿದ್ದ. ಹೊಸಬರು ಬಂದಾಗಲೆಲ್ಲ ಅವನನ್ನೇ ಕೇಳುತ್ತಿದ್ದರು. ಅವನೂ ಮೊದಲ ಸಲ ಹೇಳುವವನ ಹಾಗೆಯೇ ಹೇಳುತ್ತಿದ್ದ.

"ಬಾಗಲಾ ತಗದ್ನಿರಿ. ಪೆಟ್ಟಿಗಿ ನೋಡಕೋತ ಕುಂತಿದ್ರು. 'ಸಾಹೇಬ್ರ, ಚಾ' ಅಂದೆ. ಮಾತಾಡಲಿಲ್ಲ. ಕೆಲಸದಾಗ ಅವರು ಮಾತಾಡೂದ ಇಲ್ಲಲ್ರಿ. 'ಆರಿ ಹೋಕ್ಕೈತ್ರಿ' ಅಂದ ಮುಂದಿಟ್ಟ ಬಂದ್ಬಿಟ್ಟೆ." ಶರಣು ಅಂಗೈ ನೋಡಿಕೊಂಡ. "ಬಾಗಲಾ ಹಾಕೂ ಮುಂದ ಹೋದ್ರ ಚಾ ಹಂಗ ಇತ್ರಿ. ಕೆನಿಗಟ್ಟಿ. ಫೋನ್ ಕೈಯಾಗಿತ್ತು, ಚಾರ್ಜ್ ಹೋಗಿ ಬಂದ್ ಆಗಿತ್ತು. ಸತ್ತವರಿಗೆ ಚಾ ಕೊಟ್ಟ ಬಂದಿದ್ನಿರಿ ನಾನು."

 ಗವಿಸಿದ್ದಪ್ಪನೇ ಮಾತು ತಿರುಗಿಸಿದ.

"ಲಗ್ನದಾಗೂ ಹಿಂಗ ಮಾಡಿದ್ದ ಇಂವ. ಅಕ್ಕಿಕಾಳು ಎಲ್ಲಾರ ಕೈಯಾಗ ಅದಾವು, ಮದಿಮಗ ಇಲ್ಲ! ಹುಡಿಕ್ಯಾಡಿದ್ರ ಮೈಕ್ ಪೆಟ್ಟಿಗಿ ಹಿಂದ ಬೋರಲ ಬಿದ್ದಾನ, ಬಾಸಿಂಗ ಕಟಗೊಂಡು. 'ದೊಡ್ಡಪ್ಪಾ, ಗುರ್ ಅನ್ನಾಕತ್ತಿತ್ತು, ತಂತಿ ಸಡ್ಲಾಗೈತಿ' ಅಂತಾನ ನನಗ."

ಒಬ್ಬಿಬ್ಬರು ನಕ್ಕರು. ನಕ್ಕದ್ದಕ್ಕೆ ಬೆಚ್ಚಿ ಬಾಯಿಗೆ ಟವೆಲು ಹಿಡಿದರು.

"ನನಗ ಫೋನ್ ಮಾಡಿದ್ದ," ಎಂದಳು ಭುವನೇಶ್ವರಿ.

ನಿನ್ನೆಯಿಂದ ಅವಳು ಆಡಿದ ಮೊದಲ ಮಾತು ಅದು. ಗಂಡನ ಕಾಲ ಬಳಿ ಕುಳಿತವಳು ಮಡಿಲಿನಿಂದ ತನ್ನ ಫೋನು ತೆಗೆದು, ಸಾಕ್ಷಿ ಕೊಡುವವಳಂತೆ ಎಲ್ಲರ ಮುಂದೆ ಹಿಡಿದಳು. ಉತ್ತರಿಸದೇ ಬಿಟ್ಟ ಕರೆ ಅಲ್ಲಿ ಕೆಂಪಾಗಿತ್ತು.

"ಎದಿ ಹಿಡಕೊಂಡ ನನ್ನ ಕರದಾನ. ನಾ ಮಗ್ಗದಾಗ ಕುಂತಿದ್ದೆ. ಲಾಳಿ ಸಪ್ಪಳದಾಗ ಕೇಳಲಿಲ್ಲ. ಎತ್ತಿದ್ರ ಶರಣೂಗ ಹೇಳತಿದ್ದೆ, ದವಾಖಾನಿಗೆ ಒಯ್ಯತಿದ್ರು. ಎತ್ತಲಿಲ್ಲ ನಾನು."

"ನಿನಗೇನ ಕನಸ ಬಿದ್ದಿತ್ತೇನವ್ವಾ," ಎಂದು ಯಾರೋ ಹೆಂಗಸು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಆ ಕರೆ ಹಾಗೆ ಬಂದದ್ದಲ್ಲ ಎಂದು ಆಫ್ತಾಬನಿಗೆ ಗೊತ್ತಿತ್ತು. ಬಾಯಿ ತೆರೆದ. ಅಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿದ.

*

ಲೈನು ಬಿದ್ದಾಗ ಅವರಿಬ್ಬರೂ ಒಂದೊಂದು ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದರು. ನಡುವೆ ಎರೆಹೊಲಗಳು, ಹೊಲದ ಅಂಚಿಗೆ ಹೂತ ತಂತಿ. ತಪ್ಪು ಎಲ್ಲಿದೆ ಎಂದು ತಿಳಿಯಲು ಆಚೆಯ ತುದಿಯಲ್ಲಿ ತಂತಿಗೆ ಒಂದು ಸಣ್ಣ ಪ್ಲಗ್ ಚುಚ್ಚಬೇಕು. ಅದಕ್ಕೆ ಲೂಪ್ ಅನ್ನುತ್ತಿದ್ದರು. ಆಗ ಈಚೆಯ ರೌಟರು ಕಳಿಸಿದ್ದೆಲ್ಲ ಅಲ್ಲಿಂದ ತಿರುಗಿ ಈಚೆಗೇ ಬರುತ್ತದೆ. ಬಂದರೆ ತಂತಿ ಸರಿಯಿದೆ, ತಪ್ಪು ಆಚೆಯ ಪೆಟ್ಟಿಗೆಯಲ್ಲಿದೆ. ಬರದಿದ್ದರೆ ಹೊಲ ತುಳಿಯಬೇಕು.

ಕೆಲಸಕ್ಕೆ ಸೇರಿದ ಮೊದಲ ಮಳೆಗಾಲದಲ್ಲಿ ಆಫ್ತಾಬ ಕಾದು ಕಾದು, ಆಚೆಯಿಂದ ಮಾತೇ ಇಲ್ಲವೆಂದು, ಮುಗಿದಿರಬೇಕೆಂದುಕೊಂಡು ಪ್ಲಗ್ ಕಿತ್ತುಬಿಟ್ಟಿದ್ದ. ಅರುಣಕುಮಾರನಿಗೆ ತಂತಿಯೇ ಹರಿದಂತೆ ಕಂಡಿತು. ಹರಿಯದ ತಂತಿಯ ಹರಕು ಹುಡುಕುತ್ತ ಇಡೀ ದಿನ ಹಸಿ ಎರೆಮಣ್ಣಿನಲ್ಲಿ ಅಲೆದು, ಮೊಣಕಾಲವರೆಗೆ ಕೆಸರಾಗಿ ಬಂದ. ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು ಕಾಲು ತೊಳೆದುಕೊಳ್ಳುತ್ತ ಹೇಳಿದ:

"ಆಫ್ತಾಬ, ನಾ ಹೇಳೂತನಕಾ ತಗೀಬ್ಯಾಡ. ನಾ ಸುಮ್ಮನ ಅದೇನಿ ಅಂದ್ರ ನೋಡಾಕತ್ತೇನಿ ಅಂತ ತಿಳಕೊ."

ಅಂದಿನಿಂದ ಆಫ್ತಾಬ ಆ ಮೌನವನ್ನು ಮುರಿದವನಲ್ಲ. ಫೋನು ಕಿವಿಗಿಟ್ಟುಕೊಂಡು ಇಬ್ಬರೂ ಎಷ್ಟು ಹೊತ್ತಾದರೂ ಸುಮ್ಮನಿರುತ್ತಿದ್ದರು. ಆಚೆಯ ಫ್ಯಾನಿನ ಸದ್ದು, ಕೀಲಿಮಣೆಯ ಟಕಟಕ, ಒಮ್ಮೊಮ್ಮೆ ಕೆಮ್ಮು. ಅದರಲ್ಲಿ ಒಂದು ನೆಮ್ಮದಿಯೂ ಇತ್ತು. ಅಷ್ಟು ಹೊತ್ತು ಮಾತಿಲ್ಲದೆ ಜೊತೆಗಿರಬಲ್ಲ ಮನುಷ್ಯ ಆಫ್ತಾಬನಿಗೆ ಬೇರೆ ಯಾರೂ ಇರಲಿಲ್ಲ.

ನಿನ್ನೆಯೂ ಹಾಗೆಯೇ ಆಯಿತು. ನರಗುಂದದ ಶಾಖೆಯಲ್ಲಿ ಆಫ್ತಾಬ ಲೂಪ್ ಹಾಕಿದ. ರೋಣದಿಂದ ಅರುಣಕುಮಾರ, "ನಾ ಹೇಳೂತನಕಾ ತಗೀಬ್ಯಾಡ" ಎಂದ. ಕೀಲಿಮಣೆ ಸ್ವಲ್ಪ ಹೊತ್ತು ಸದ್ದು ಮಾಡಿತು. ಕುರ್ಚಿ ಒಮ್ಮೆ ಕಿರುಗುಟ್ಟಿತು. ಯಾರೋ ಏನೋ ಮಾತಾಡಿ ಬಾಗಿಲು ಹಾಕಿಕೊಂಡು ಹೋದಂತಾಯಿತು. ಆಮೇಲೆ ಫ್ಯಾನಿನ ಸದ್ದು ಮಾತ್ರ. ಆಫ್ತಾಬ ಕಾದ. ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕಾದ. ಎಷ್ಟೋ ಹೊತ್ತಿನ ಮೇಲೆ ಕರೆ ತಾನಾಗಿಯೇ ಕಡಿದುಹೋಯಿತು. ಅಣ್ಣನ ಫೋನಿನ ಚಾರ್ಜು ಯಾವತ್ತೂ ಹಾಗೆಯೇ ಎಂದುಕೊಂಡು ಅವನು ಚಹಾ ಕುಡಿಯಲು ಹೋದ. ಪ್ಲಗ್ ಇದ್ದಲ್ಲೇ ಇತ್ತು. ದೀಪ ಹಚ್ಚುವ ಹೊತ್ತಿಗೆ ಶರಣು ಫೋನು ಮಾಡಿದ.

*

ಹೊರಗೆ ಹೆಣ ಹೊರುವ ವಿಮಾನ ಕಟ್ಟಿ ಮುಗಿದಿತ್ತು. "ಎತ್ರಿನ್ನ, ಹೊತ್ತಾತು," ಎಂದು ಗವಿಸಿದ್ದಪ್ಪ ಎದ್ದ. ಆಗ ಭುವನೇಶ್ವರಿಯೂ ಎದ್ದಳು. ಗಂಡನ ಕಡೆಗೆ ಬರುತ್ತಾಳೆಂದು ಹೆಂಗಸರು ದಾರಿ ಬಿಟ್ಟರು. ಅವಳು ಪಡಸಾಲೆಯ ಆಚೆ ಬದಿಗೆ, ಮಗ್ಗದ ಹತ್ತಿರ ಹೋದಳು. ಅರ್ಧ ನೇಯ್ದ ಪಟ್ಟೇದಂಚಿನ ಸೀರೆ ಅದರ ಮೇಲಿತ್ತು. ನಿನ್ನೆ ಎದ್ದು ಓಡಿದಾಗ ಬಿಟ್ಟ ಲಾಳಿ ಎಳೆಗಳ ನಡುವೆ ಹಾಗೇ ನಿಂತಿತ್ತು. ಗೂಡಿನಿಂದ ಕತ್ತರಿ ತೆಗೆದುಕೊಂಡು, ಬಿಗಿದ ಹಾಸಿನ ಒಂದು ಹಿಡಿ ಎಳೆಗಳನ್ನು ಕತ್ತರಿಸಿಬಿಟ್ಟಳು.

ಎಳೆಗಳು ಹಿಂದಕ್ಕೆ ಚಿಮ್ಮಿದವು. ಕಳಕವ್ವನ ಅಳು ನಡುವೆಯೇ ನಿಂತಿತು. ನೇಯುತ್ತಲೇ ಮುದುಕರಾದವರು ಆ ಮನೆ ತುಂಬ ಇದ್ದರು. ಅರ್ಧ ನೇಯ್ದ ಸೀರೆಗೆ ಕತ್ತರಿ ಬಿದ್ದದ್ದನ್ನು ಅವರಾರೂ ನೋಡಿರಲಿಲ್ಲ.

"ಹುಚ್ಚಿ ಅದಿಯೇನಬೇ!" ಎಂದು ಕಳಕವ್ವ ಕೂಗಿದಳು. "ಅನ್ನ ಐತದು!"

"ಇದರ ಸಪ್ಪಳದಾಗ ಅಂವ ಕರದದ್ದ ಕೇಳಲಿಲ್ಲ, ಅತ್ತಿ. ಇನ್ನ ಇದರಾಗ ಕುಂದ್ರೂದಿಲ್ಲ ನಾನು." ಅವಳು ಇನ್ನೊಂದು ಹಿಡಿ ಎಳೆಗಳನ್ನು ಒಟ್ಟುಗೂಡಿಸಿದಳು.

"ವೈನಿ, ತಡೀರಿ." ಆಫ್ತಾಬನ ದನಿ ಅವನಿಗೇ ಬೇರೆಯವರದ್ದೆನಿಸಿತು. "ಕಡೀ ಫೋನ್ ನಿಮಗಲ್ರಿ. ನನಗ."

ಕತ್ತರಿ ಗಾಳಿಯಲ್ಲಿ ನಿಂತಿತು.

"ನಿಮಗ ಮೊದಲ ಮಾಡಿದ್ರು. ನೀವ ಎತ್ತಲಿಲ್ಲ ಅಂತ ಆಮ್ಯಾಲ ನನಗ ಮಾಡಿದ್ರು. ಆರಾಮ ಇದ್ರು, ವೈನಿ. ನಕ್ಕೋತ ಮಾತಾಡಿದ್ರು. 'ನಿಮ್ಮ ವೈನಿ ಎತ್ತವಲ್ಲಳು, ಮಗ್ಗದಾಗ ಕುಂತಿರಬೇಕು. ಹಸಿ ಕಡ್ಲಿಗಿಡ ತಗೊಂಡೇನಿ, ಒಲಿ ಆರಿಸಬ್ಯಾಡ, ಬೆಂಕ್ಯಾಗ ಸುಟ್ಟ ತಿನ್ನೂಣು ಅಂತ ಹೇಳೂದಿತ್ತು. ಇರಲಿ, ಬಂದ ಹೇಳ್ತೀನಿ' ಅಂದ್ರು. ಎದಿ ಹಿಡಕೊಂಡ ಕರದದ್ದಲ್ರಿ ಅದು. ಖರೇನ ಅಲ್ರಿ."

ಭುವನೇಶ್ವರಿ ಅವನನ್ನೇ ನೋಡಿದಳು.

"ಆಮ್ಯಾಲ?"

"ಲೂಪ್ ಹಾಕಂದ್ರು. ಹಾಕಿದೆ."

"ಆಮ್ಯಾಲ?"

"ಸುಮ್ಮನಾದ್ರು."

"ನೀ?"

"ನಾನೂ ಸುಮ್ಮನಿದ್ನಿರಿ. ಫೋನ್ ಬಂದ್ ಆಗೂತನಕಾ. ನೋಡಾಕತ್ತಾರ ಅಂತ ತಿಳಕೊಂಡೆ."

ಅಂಗಳದಲ್ಲಿ ತಾಳ ಬಡಿಯುತ್ತಿದ್ದವರಿಗೆ ಒಳಗಿನದು ಗೊತ್ತಿಲ್ಲ. ಅವರು ಬಡಿಯುತ್ತಲೇ ಇದ್ದರು. ಕಳಕವ್ವ ನೆಲಕ್ಕೆ ಕೈಯೂರಿ ಎದ್ದು ಬಂದಳು. ಆಫ್ತಾಬನ ಅಂಗಿಯ ಎದೆಯನ್ನು ಹಿಡಿದಳು. ಹೊಡೆಯುತ್ತಾಳೆಂದು ಎಲ್ಲರಿಗೂ ಅನಿಸಿತು. ಹೊಡೆಯಲಿಲ್ಲ.

"ನನ್ನ ಮಗ ಸಾಯೂದನ್ನ ಕೇಳಕೋತ ಕುಂತಿದ್ದೇನೋ?"

 ಕಂಬದ ಬುಡದಲ್ಲಿ ಶರಣು ಎದ್ದು ನಿಂತು, "ಯವ್ವಾ, ನಾನೂ ಗ್ವಾಡಿ ಆಚಿಗೇ..." ಎಂದ. 

ಭುವನೇಶ್ವರಿ ಕತ್ತರಿಯನ್ನು ಮಗ್ಗದ ಮೇಲಿಟ್ಟು ಅಂಗಳಕ್ಕೆ ಹೋದಳು. ಶರಣು ರೋಣದಿಂದ ಓಡಿಸಿಕೊಂಡು ಬಂದಿದ್ದ ಗಂಡನ ಬೈಕು ಬೇವಿನ ಗಿಡದ ಕೆಳಗೆ ನಿಂತಿತ್ತು. ಅದರ ಕೊಕ್ಕೆಗೆ ಒಂದು ಚೀಲ. ನಿನ್ನೆಯಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ. ಅವಳು ಕೈ ಹಾಕಿ ಹೊರಗೆಳೆದಳು. ಕಡಲೆಗಿಡದ ಸೂಡು, ಬಾಡಿತ್ತು. ಅದನ್ನು ಎದೆಗವಚಿಕೊಂಡು ಒಳಗೆ ಬಂದು, ಗಂಡನ ಮಡಿಲಲ್ಲಿ ಇಟ್ಟಳು. ಆಗ ಅವಳ ಬಾಯಿಂದ ಅಳು ಹೊರಬಿತ್ತು. ಅದರೊಂದಿಗೆ ಮನೆಯೂ ಅತ್ತಿತು.

ಹೆಣ ಎತ್ತುವಾಗ ಅವಳು ಆಫ್ತಾಬನ ಹತ್ತಿರ ಬಂದಳು. ಅವನ ಮುಖ ನೋಡಲಿಲ್ಲ.

"ಅದನ್ನ ತಗದೇನು? ಆ ಲೂಪು?"

"ಇಲ್ರಿ ವೈನಿ. ತಗೀ ಅಂತ ಹೇಳಲಿಲ್ಲಲ್ರಿ."

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಮಣ್ಣ ಕೊಟ್ಟ ಹೋಗಿ ತಗಿ. ನಾ ಹೇಳಾಕತ್ತೇನಿ."

*

ಮಣ್ಣು ಹಾಕುವ ಹೊತ್ತಿಗೆ ಆಫ್ತಾಬ ದೂರದ ಬನ್ನಿಗಿಡದ ಹತ್ತಿರ ನಿಂತಿದ್ದ. ಗವಿಸಿದ್ದಪ್ಪ ಕೈ ಮಾಡಿ ಕರೆದ ಮೇಲೆ ಬಂದು ಒಂದು ಹಿಡಿ ಹಾಕಿದ. ಕುಳಿತವನ ಹೆಗಲು ಮುಚ್ಚುವವರೆಗೆ ನೋಡಿದ. ಆಮೇಲೆ ಶರಣುವನ್ನು ಕರೆದುಕೊಂಡು ಬಸ್ಸು ಹತ್ತಿದ.  ರೋಣದಲ್ಲಿ ಶರಣು ಇಳಿದ.

ನರಗುಂದದ ಶಾಖೆಯಲ್ಲಿ ಮ್ಯಾನೇಜರು ಅವನ ಕೆಂಪು ಕಣ್ಣು ನೋಡಿ ದಾರಿ ಬಿಟ್ಟ. ಪ್ಲಗ್ ಇದ್ದಲ್ಲೇ ಇತ್ತು. ನಿನ್ನೆಯಿಂದ ರೋಣದ ರೌಟರು ಒಂದೇ ಸಮನೆ ಕರೆಯುತ್ತಿತ್ತು. ಆ ಕರೆ ಇಲ್ಲಿಯವರೆಗೆ ಬಂದು, ತಿರುಗಿ ಅದಕ್ಕೇ ಹೋಗಿ ಮುಟ್ಟುತ್ತಿತ್ತು. ಆಫ್ತಾಬ ಶರಣುವಿಗೆ ಫೋನು ಹಚ್ಚಿದ.

"ಪೆಟ್ಟಿಗಿ ಮುಂದ ಕುಂದ್ರು. ದೀಪ ನೋಡು."

"ಆ ಕುರ್ಚಿ ಮ್ಯಾಲೇನ್ರಿ?"

"ಹೂಂ."

ಕುರ್ಚಿ ಕಿರುಗುಟ್ಟಿತು. ಆಫ್ತಾಬ ಪ್ಲಗ್ ಕಿತ್ತ. ಒಳಗೆ ಸಡಿಲಾಗಿದ್ದ ಕೇಬಲ್ಲನ್ನು ಒತ್ತಿ ಕೂರಿಸಿ ತಿರುಪು ಬಿಗಿದ. ತಪ್ಪು ಇದ್ದದ್ದು ಅಷ್ಟೇ.

"ಬಂತೇನು?"

ಆಚೆಯಿಂದ ಮಾತಿಲ್ಲ. ಫ್ಯಾನಿನ ಸದ್ದು.

"ಶರಣೂ!" ಕೌಂಟರಿನಲ್ಲಿದ್ದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅವನು ಚೀರಿದ. "ಲೇ ಶರಣೂ!"

"ಇದ್ದೇನ್ರಿ, ಇದ್ದೇನಿ! ನೋಡಾಕತ್ತಿದ್ದೆ."

"ಮಾತಾಡಕೋತ ನೋಡೋ."

"ಏನ ಮಾತಾಡ್ಲ್ರಿ?"

"ಏನರೆ ಮಾತಾಡು. ಸುಮ್ಮನಿರಬ್ಯಾಡ."

"ದೀಪ ಹಸರಾಗ್ಯಾವ್ರಿ... ಎಲ್ಲಾ ಹತ್ಯಾವು... ಮತ್ತ... ಟೇಬಲ್ ಮ್ಯಾಲ ಕಪ್ಪಿನ ಗುರುತ ಐತ್ರಿ, ದುಂಡಗ... ಫ್ಯಾನಿನ ಒಂದ ರೆಕ್ಕಿ ಸೊಟ್ಟ ಐತಿ... ಕಿಡಕಿ ಆಚಿಗೆ ಗಾಡ್ಯಾಗ ಹತ್ತಿ ಹೊಂಟೈತ್ರಿ..."

ಮ್ಯಾನೇಜರು ಒಳಗೆ ಇಣುಕಿ, "ಲೈನ್ ಬಂತಲ್ಲಪಾ, ಇನ್ನ ಇಡು ಫೋನು," ಎಂದ. ಆಫ್ತಾಬ ತಲೆ ಅಲ್ಲಾಡಿಸಿದ. ಪ್ಲಗ್ಗನ್ನು ಮುಷ್ಟಿಯಲ್ಲಿ ಹಿಡಿದು, ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದ. ಬಲಗಿವಿಯಲ್ಲಿ ಶರಣು ಗೋಡೆಯ ಬಣ್ಣ ಹೇಳುತ್ತಿದ್ದ, ಕ್ಯಾಲೆಂಡರಿನ ಚಿತ್ರ ಹೇಳುತ್ತಿದ್ದ, ಕುರ್ಚಿಯ ಕೆಳಗೆ ಬಿದ್ದಿದ್ದ ಒಂದೆರಡು ಕಡಲೆ ಎಲೆಗಳನ್ನು ಹೇಳುತ್ತಿದ್ದ.